ರೇಷ್ಮೆಯಷ್ಟು ಬಿಸಿ

ಫೆಬ್ರವರಿ 9

ಇವರು ಇವತ್ತು ಆಡಿದ ಮಾತು: ಇಲ್ಲ.

ಮಾತು ಕಲಿಸುವ ಟೀಚರ್ ಬರೆಯಲು ಹೇಳಿದ್ದು ಇಷ್ಟೇ. ಲಕ್ವ ಹೊಡೆದು ಹೋದ ಮಾತು ಮರಳಿ ಬರುವುದಾದರೆ ಈ ಮೊದಲ ತಿಂಗಳುಗಳಲ್ಲೇ ಬರಬೇಕಂತೆ, ಆಮೇಲೆ ಕಷ್ಟವಂತೆ. ಅದಕ್ಕೆ ದಿನಾ ಯಾವ ಮಾತು ಆಡಿದರು ಎಂದು ಗುರುತು ಹಾಕಿಡಿ ಎಂದಳು. ‘ಇಲ್ಲ’ ಎಂದು ಬರೆಯಲು ಎಷ್ಟು ಜಾಗ ಬೇಕು? ಉಳಿದ ಹಾಳೆ ದಂಡವಾಗುತ್ತದಲ್ಲ ಎಂದು ಮಿಕ್ಕಿದ್ದನ್ನೂ ಬರೆಯುತ್ತಿದ್ದೇನೆ. ಅವಳಿಗೆ ತೋರಿಸುವುದಿಲ್ಲ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ ಮುಂದೆ ಕುಳಿತವಳು ನಾನು. ನನ್ನ ಒತ್ತಕ್ಷರ ನೋಡಿ ಆ ಹುಡುಗಿ ನಗುವುದು ಬೇಡ.

ಇವತ್ತು ಅವಳು ಲೋಟದ ಚಿತ್ರ ಹಿಡಿದು ‘ಇದೇನು?’ ಎಂದಳು. ಇವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. ನಾನು, ‘ಲೋಟ ಅನ್ರೀ, ಲೋಟ’ ಎಂದೆ. ಅವಳು ನನ್ನ ಕಡೆ ತಿರುಗಿ, ‘ಅಮ್ಮಾ, ಅವರ ಮಾತನ್ನ ನೀವು ಆಡ್ಬೇಡಿ, ಕಾಯಿರಿ’ ಎಂದಳು. ‘ಕಾಯೋಕೇನಮ್ಮ, ಮನೇಲಿ ಕೆಲ್ಸ ಇಲ್ದೇ ಬಂದಿದೀನಾ?’ ಎಂದೆ. ಮದುವೆಯಾದಾಗಿನಿಂದ ಇವರ ಪಾಲಿನದನ್ನೂ ಆಡಿಕೊಂಡು ಬಂದವಳು ನಾನೇ. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಕಟ್ಟಿದವನ ಮನೆಯಲ್ಲಿ ಮಾತಾಡದ ಗಂಡ ಇರಲಿಲ್ಲ, ಅಷ್ಟೇ.

ಬರುವಾಗ ಇನ್ನೊಂದು ಗ್ರಹಚಾರ. ಇವರು ಬಿದ್ದ ದಿನದಿಂದ ಕಾರು ನಿಂತಲ್ಲೇ ನಿಂತಿತ್ತು. ಇಷ್ಟು ದಿನ ಕ್ಲಾಸಿಗೆ ಇವರ ಶಿಷ್ಯ ಬೋಲ್ಟು ತನ್ನ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದ. ಎಷ್ಟೆಂದು ಅವನ ಹಂಗು ಎಂದು ಇವತ್ತು ನಾನೇ ಕಾರು ತೆಗೆದೆ. ಮಾರುಕಟ್ಟೆ ದಾಟುವ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕುಳಿತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ. ರಸ್ತೆ ಬದಿಗೆ ಹಾಕಿ ಎಂಜಿನ್ ಆರಿಸಿದೆ. ಹಿಂದಿನವರೆಲ್ಲ ಹಾರನ್ ಹೊಡೆದದ್ದೇ ಹೊಡೆದದ್ದು. ಇವರಂತೂ ನೇರ ಮುಂದೆ ನೋಡುತ್ತ ಕುಳಿತಿದ್ದರು, ಯಾರದೋ ಕಾರಿನಲ್ಲಿ ಕುಳಿತವರ ಹಾಗೆ. ಬೀದಿಯ ತುದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ.

ಎಂಜಿನ್ ತಣಿಯುವವರೆಗೆ ಇವರ ಮುಖವನ್ನೇ ನೋಡುತ್ತ ಕುಳಿತಿದ್ದು, ಆಮೇಲೆ ಮೆಲ್ಲಗೆ ಮನೆ ಸೇರಿಸಿದೆ.

ಫೆಬ್ರವರಿ 10

ಮಾತು: ಇಲ್ಲ.

ಬೋಲ್ಟು ಬಂದಿದ್ದ. ಹೆಸರಿಗೆ ಬೋಲ್ಟು, ಆಕಾರಕ್ಕೆ ನೀರಿನ ಡ್ರಮ್ಮು. ಮೀಸೆ ಹಣ್ಣಾಗಿದೆ, ಮಗಳ ಮದುವೆ ಮಾಡಿದ್ದಾನೆ, ಇವರ ಶೆಡ್ಡನ್ನು ಈಗ ಅವನೇ ನಡೆಸುವುದು. ಆದರೂ ನಮ್ಮ ಮನೆಗೆ ಬಂದರೆ ಚಪ್ಪಲಿ ಗೇಟಿನ ಹೊರಗೇ ಬಿಡುತ್ತಾನೆ.

ಎಂಜಿನ್ ತಣ್ಣಗಾಗಿತ್ತು. ರೇಡಿಯೇಟರಿನ ಮುಚ್ಚಳ ತೆಗೆದು ಹಳೆಯ ನೀರು ಬಸಿದ, ಹೊಸದು ತುಂಬಿದ, ಮುಚ್ಚಳ ಬದಲಿಸಿದ. ಫ್ಯಾನ್ ತಿರುಗುತ್ತದೆ, ಎಲ್ಲೂ ಸೋರಿಲ್ಲ ಎಂದ. ಒಂದು ಸುತ್ತು ಹೋಗಿ ಬಂದ. ಮುಳ್ಳು ಮತ್ತೆ ಕೆಂಪಿನಲ್ಲಿ.

‘ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು ಅಕ್ಕಾ’ ಎಂದ. ‘ಎಂಜಿನ್ ಬಿಚ್ಚಿ ನೋಡ್ಬೇಕು. ಶೆಡ್ಡಿಗೆ ಎಳ್ಕೊಂಡು ಹೋಗ್ಲಾ?’

ಆಗ ಹಿಂದಿನಿಂದ ಟಕ್ ಎಂದಿತು. ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದ ಇವರು ಎದ್ದು ನಿಂತಿದ್ದರು. ಯಾರೂ ಎಬ್ಬಿಸಿರಲಿಲ್ಲ. ಎಡಗೈಯ ಕೋಲಿನಿಂದ ಕಬ್ಬಿಣದ ಕಂಬಕ್ಕೆ ಒಂದೇ ಏಟು.

ನಾನು, ‘ಒಳಗೆ ಹೋಗ್ಬೇಕಂತೆ ಕಣೋ, ಹಿಡ್ಕೋ’ ಎಂದೆ.

‘ಅಲ್ಲ ಅಕ್ಕಾ’ ಎಂದ ಬೋಲ್ಟು. ಅವನು ಆಗಲೇ ಸ್ಪ್ಯಾನರ್ ಕೆಳಗಿಟ್ಟಿದ್ದ. ‘ಶೆಡ್ಡಲ್ಲಿ ನಾವು ತಪ್ಪು ಮಾಡಿದ್ರೆ ಗುರುಗಳು ಬೈತಿರ್ಲಿಲ್ಲ. ಸ್ಪ್ಯಾನರ್ ತಗೊಂಡು ಹಿಂಗೇ ಒಂದು ಕುಟ್ಟೋರು. ನಾವೇ ಹುಡುಕ್ಬೇಕಿತ್ತು ತಪ್ಪೆಲ್ಲಿ ಅಂತ. ಹುಡುಕ್ದೇ ಇದ್ರೆ ಆಮೇಲೆ ಕತ್ತೆ ಅನ್ನೋರು.’

ಇಷ್ಟು ವರ್ಷ ಸಂಸಾರ ಮಾಡಿ ನನಗೆ ಗೊತ್ತಿಲ್ಲದ್ದು ಈ ಡ್ರಮ್ಮಿಗೆ ಗೊತ್ತು.

‘ಹಾಗಾದ್ರೆ ನಿನ್ ತಪ್ಪೇನು?’

‘ಮೊದಲು ಮುಟ್ಟು, ಆಮೇಲೆ ಬಿಚ್ಚು ಅನ್ನೋರು. ನಾನು ಮುಟ್ಲೇ ಇಲ್ಲ.’

‘ಮತ್ತೆ ಮುಟ್ಟು.’

‘ನಾನ್ಯಾಕೆ ಅಕ್ಕಾ’ ಎಂದು ಇವರ ಕಡೆ ನೋಡಿ, ಕೈ ಒರೆಸಿಕೊಂಡು ಹೊರಟೇಬಿಟ್ಟ. ಸ್ಪ್ಯಾನರಿನ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ಮರೆತು ಅಲ್ಲ.

ಫೆಬ್ರವರಿ 12

ಮಾತು: ಇಲ್ಲ.

ಪಕ್ಕದ ಮನೆಯವಳ ರವಿಕೆಗೆ ಕಾಜಾ ಹಾಕುತ್ತಿದ್ದೆ. ಬಹಳ ಹೊತ್ತಿನಿಂದ ಕೇಳುತ್ತಿದ್ದ ಎಂಜಿನ್ ಸದ್ದು ನಮ್ಮ ಕಾರಿನದೇ ಎಂದು ಹೊಳೆದು ಹೊರಗೆ ಓಡಿದರೆ ಇವರು ಬಾನೆಟ್ ಎತ್ತಿ, ಎಂಜಿನ್ನಿಗೆ ಬಾಗಿ ನಿಂತಿದ್ದಾರೆ. ಕೋಲು ನೆಲದಲ್ಲಿ. ಬಲಗೈಯನ್ನು ಎಡಗೈಯಿಂದ ಎತ್ತಿ ಎಂಜಿನ್ ಮೇಲೆ ಇಟ್ಟುಕೊಂಡಿದ್ದಾರೆ. ಹಳೆಯ ಅಭ್ಯಾಸ, ಬಿಸಿಯನ್ನು ಆ ಕೈಯಲ್ಲೇ ನೋಡುತ್ತಿದ್ದವರು. ಆದರೆ ಆ ಕೈಗೆ ಈಗ ಬಿಸಿಯೂ ಒಂದೇ ತಣ್ಣಗೂ ಒಂದೇ. ನಾನು ಹೋಗಿ ಎಳೆಯುವ ಹೊತ್ತಿಗೆ ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಇವರ ಮುಖದಲ್ಲಿ ನೋವಿಲ್ಲ. ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಯಾರೋ ತಮ್ಮ ಕೈಯನ್ನು ಇವರ ಬಳಿ ಬಿಟ್ಟುಹೋದ ಹಾಗೆ.

ಬಾಯಿಗೆ ಬಂದದ್ದೆಲ್ಲ ಬೈದೆ. ಬುದ್ಧಿ ಇದೆಯಾ, ಹೆಣ ಹೊರಲು ನನ್ನಲ್ಲಿ ಬಲ ಇಲ್ಲ, ಇನ್ನೂ ಏನೇನೋ. ಬೈಯುತ್ತಲೇ ತಣ್ಣೀರಿನ ಬೋಗುಣಿಯಲ್ಲಿ ಕೈ ಅದ್ದಿಟ್ಟುಕೊಂಡು ಕುಳಿತೆ. ನೀರು ಬೆಚ್ಚಗಾದರೂ ಕೈ ಬಿಡಲು ಮನಸ್ಸು ಬರಲಿಲ್ಲ.

ಫೆಬ್ರವರಿ 13

ಮಾತು: ಇಲ್ಲ.

ಮಗಳು ಬಂದು ಕೈ ನೋಡಿ ಅತ್ತಳು. ‘ಕಾರ್ ಯಾರಿಗಾದ್ರೂ ಕೊಟ್ಬಿಡಮ್ಮಾ, ಅಪ್ಪನ ಕಣ್ಣಿಗೆ ಬೀಳದ ಹಾಗೆ’ ಎಂದಳು. ಸರಿಯಾದ ಮಾತೇ. ಇವರಿಗೆ ಕೇಳಿಸಿತು. ಗೋಡೆಯ ಕಡೆ ಮಗ್ಗಲು ಬದಲಿಸಿದರು.

‘ನೋಡೋಣ’ ಎಂದೆ. ನಾನು ಹಾಗೆಲ್ಲ ಅನ್ನುವವಳಲ್ಲ. ಮಗಳು ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು.

ಫೆಬ್ರವರಿ 15

ಮಾತು: ಎಷ್ಟು.

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಇವರನ್ನು ಎಬ್ಬಿಸಿ, ಕಾರಿನ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ‘ನಿಮ್ ಕೈ ನಾನು. ಎಲ್ಲಿ ಮುಟ್ಬೇಕು ತೋರ್ಸಿ’ ಎಂದೆ. ನಂಬಲಿಲ್ಲ. ನಾನು ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇವರು ಕೋಲಿನ ತುದಿಯಿಂದ ಮೊದಲು ಫ್ಯಾನ್ ತೋರಿಸಿ ಬೇಡ ಎಂದು ತಲೆ ಆಡಿಸಿದರು. ಫ್ಯಾನಿಗೆ ಕೈ ಕೊಡಬೇಡ ಎಂದು. ಸರಿ. ಆಮೇಲೆ ಮುಳ್ಳು ಮೇಲೇರುವವರೆಗೆ ಕಾಯಿಸಿದರು. ನನಗೆ ಕಾಯುವುದೆಂದರೆ ಮೈಯೆಲ್ಲ ಇರುವೆ. ಕಾದೆ.

ಎಂಜಿನ್ನಿನ ತಲೆಯ ಹತ್ತಿರದ ಕಬ್ಬಿಣ ತೋರಿಸಿದರು. ಬೆರಳು ತಾಗಿಸಿ ತೆಗೆದೆ. ‘ಬಿಸಿ’ ಎಂದೆ. ಅಲ್ಲಿಂದ ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರ್ ಪೈಪು. ‘ಬಿಸಿ.’ ಅದೇ ಪೈಪಿನ ಆಚೆ ತುದಿ. ‘ಅದೂ ಬಿಸೀನೇ.’ ಇವರು ಕಣ್ಣು ಮುಚ್ಚಿದರು. ಸಿಟ್ಟು ಬಂದಾಗ ಹಾಗೆ ಮಾಡುತ್ತಾರೆ. ಕೋಲಿನಿಂದ ಬಂಪರಿಗೆ ಟಕ್ ಎಂದು ಕುಟ್ಟಿದರು.

‘ಬಿಸಿ ಅಂದ್ರೆ ಬಿಸಿ. ಇನ್ನೇನು ಹೇಳ್ಲಿ?’

ಬಾಯಿ ಅಲುಗಿತು. ತುಟಿ ಒಂದು ಕಡೆ ಎಳೆಯಿತು. ‘ಏನು, ನಿಲ್ಲಿಸ್ಲಾ? ನೀರು ಬೇಕಾ?’ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಂಜಿನ್ನಿನ ಗದ್ದಲಕ್ಕೆ ಇವರ ದನಿ ಕೇಳದೆ ಹೋದೀತು ಎಂದು ಸುಮ್ಮನೆ ಹತ್ತಿರ ಬಾಗಿದೆ.

‘ಎ... ಷ್ಟು’ ಎಂದರು.

ಎಷ್ಟು ಬಿಸಿ! ಅದನ್ನು ಹೇಗೆ ಹೇಳುವುದು? ಇವರ ಕೈಗೆ ತೂಕ, ಅಳತೆ ಎಲ್ಲ ಇತ್ತು. ನನ್ನ ಕೈಗೆ ಗೊತ್ತಿರುವ ಬಿಸಿ ಒಂದೇ, ಇಸ್ತ್ರಿ ಪೆಟ್ಟಿಗೆಯದು. ಮತ್ತೆ ಮುಟ್ಟಿದೆ. ‘ಎಂಜಿನ್ ಹತ್ರ, ಹತ್ತಿ ಬಟ್ಟೆಗೆ ಇಡ್ತೀನಲ್ಲ, ಅಷ್ಟು. ನೀರು ಚಿಮುಕಿಸಿದ್ರೆ ಚುಯ್ ಅನ್ಬೇಕು ಅಷ್ಟು.’ ಪೈಪನ್ನು ಮುಟ್ಟಿದೆ. ‘ಇದು ರೇಷ್ಮೆಯಷ್ಟು. ರೇಷ್ಮೆಗಿಂತ್ಲೂ ಕಮ್ಮಿ. ಮಗುವಿನ ಬಟ್ಟೆ ಮೇಲೆ ಸುಮ್ನೆ ಆಡ್ಸೋ ಹಾಗೆ.’ ರೇಡಿಯೇಟರನ್ನು ಮುಟ್ಟಿದೆ. ‘ಇದು ಇನ್ನೂ ಸ್ವಿಚ್ಚೇ ಹಾಕಿಲ್ಲ.’

ಇವರು ನಕ್ಕರು. ಅರ್ಧ ಮುಖ ಮಾತ್ರ ನಗುತ್ತದೆ ಈಗ. ಆ ಅರ್ಧ ಸಾಕಾಯಿತು.

ಎಂಜಿನ್ ಆರಿಸಲು ಸನ್ನೆ ಮಾಡಿದರು. ಆಮೇಲೆ ಎಡಗೈಯಲ್ಲಿ ಮಣ್ಣಿನ ಮೇಲೆ ಕೋಲಿನಿಂದ ಗೀಚಿ ತೋರಿಸಿದರು: ಇಲ್ಲಿ ಎಂಜಿನ್, ಇಲ್ಲಿ ರೇಡಿಯೇಟರ್, ನಡುವೆ ಒಂದು ಪುಟ್ಟ ಬಾಗಿಲು. ನೀರು ಕಾದಾಗ ಆ ಬಾಗಿಲು ತಾನೇ ತೆರೆದು ಬಿಸಿನೀರನ್ನು ಆಚೆ ಬಿಡಬೇಕು. ಬಿಡುತ್ತಿಲ್ಲ. ಅದಕ್ಕೆ ಈಚೆ ಕುದಿಯುತ್ತಿದೆ, ಆಚೆ ತಣ್ಣಗಿದೆ. ಥರ್ಮೋಸ್ಟಾಟ್ ಅನ್ನುತ್ತಾರೆ ಅದಕ್ಕೆ, ಹೆಸರು ಮಾತ್ರ ಇವರ ಬಾಯಲ್ಲಿ ಮೊದಲೇ ಕೇಳಿದ್ದೆ. ಹಳೆಯದೊಂದು ಬೋಲ್ಟುವಿನ ಡಬ್ಬಿಯಲ್ಲಿತ್ತು. ಕೈಗೆ ಕೊಟ್ಟು ತೋರಿಸಿದರು. ಹಿತ್ತಾಳೆಯ ಬಿಲ್ಲೆ, ಹಿಂದೆ ಒಂದು ಸ್ಪ್ರಿಂಗು. ಸ್ಪ್ರಿಂಗ್ ಎಂಜಿನ್ನಿನ ಕಡೆ ಮುಖ ಮಾಡಿರಬೇಕು. ಬಿಸಿ ತಾಗುವುದು ಅದಕ್ಕೇ.

ಚೆನ್ನಾಗಿ ಮಾತು ಬರುತ್ತಿದ್ದಾಗಲೂ ಇವರು ನನಗೆ ಏನನ್ನೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಫೆಬ್ರವರಿ 16

ಎಷ್ಟು. ಚಹಾದ ಸಕ್ಕರೆಗೂ ಎಷ್ಟು, ಬಾಗಿಲು ತಟ್ಟಿದವನಿಗೂ ಎಷ್ಟು, ಮಗಳ ಫೋನಿಗೂ ಎಷ್ಟು. ತಲೆ ಚಿಟ್ಟು ಹಿಡಿಯಿತು. ಹಿಡಿಯಲಿ.

ಫೆಬ್ರವರಿ 19

ಮಾತು: ಅಲ್ಲ. ನೀರು. ನೋಡು.

ಎಂಜಿನ್ನಿನ ಆ ಪುಟ್ಟ ಬಾಗಿಲಿನ ಮುಚ್ಚಳಕ್ಕೆ ಎರಡು ಬೋಲ್ಟು. ಒಂದು ಸಲೀಸಾಗಿ ಬಂತು, ಇನ್ನೊಂದು ಮಾವನ ಹಾಗೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಿಟ್ಟಿನಲ್ಲಿ ಜಗ್ಗಿದೆ. ಟಕ್. ‘ಅಲ್ಲ’ ಎಂದರು. ಮೆಲ್ಲಗೆ, ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಎಂದು ಕೈ ಆಡಿಸಿ ತೋರಿಸಿದರು. ಹಾಗೆ ಮಾಡಿದೆ. ಬಂತು. ಮುಚ್ಚಳ ಎತ್ತಿದೆ.

ಸ್ಪ್ರಿಂಗ್ ನನ್ನ ಮುಖವನ್ನೇ ನೋಡುತ್ತಿತ್ತು.

ಎಂಜಿನ್ನಿನ ಕಡೆ ಇರಬೇಕಾದದ್ದು ಹೊರಗಿನ ಕಡೆಗಿತ್ತು. ಥರ್ಮೋಸ್ಟಾಟ್ ಹೊಸದು, ಹೊಳೆಯುತ್ತಿತ್ತು. ಹಾಕಿದ್ದು ಉಲ್ಟಾ.

ಬೋಲ್ಟು ಇದನ್ನು ಬಿಚ್ಚಿಯೇ ಇರಲಿಲ್ಲ. ಬಿದ್ದ ದಿನ ಬೆಳಿಗ್ಗೆ ಇವರೇ ಹೊಸದು ತಂದು ಹಾಕಿ ಬಂದದ್ದು ನನಗೆ ನೆನಪಿದೆ, ಇವರಿಗೆ ಆ ಬೆಳಗೇ ಮರೆತುಹೋಗಿದೆ. ಮುಗಿಯಿತು, ಇನ್ನು ಚಿಂತೆ ಇಲ್ಲ ಎಂದು ಹೇಳಿ, ಕೈ ತೊಳೆಯಲು ಬಚ್ಚಲಿಗೆ ಹೋದರು. ಸೋಪು ಜಾರಿ ಬಿದ್ದ ಸದ್ದು ಬಂತು, ಆಮೇಲೆ ಇವರು ಬಿದ್ದ ಸದ್ದು. ಕಾಯಿಲೆ ಬಚ್ಚಲಲ್ಲಿ ಬಂದದ್ದು ಎಂದು ಡಾಕ್ಟರಿಗೆ ಹೇಳಿದ್ದೆ. ಅಲ್ಲ. ಕಾರಿನ ಹತ್ತಿರವೇ ಬಂದಿತ್ತು. ಕಣ್ಣು ಮುಚ್ಚಿಕೊಂಡು ಹಾಕಬಲ್ಲ ಸಾಮಾನನ್ನು ಈ ಮನುಷ್ಯ ಉಲ್ಟಾ ಹಾಕಿ, ಸರಿಯಾಯಿತು ಎಂದುಕೊಂಡು ಒಳಗೆ ಬಂದಿದ್ದರು.

ನನ್ನ ಬೆನ್ನು ಇವರ ಕಡೆಗಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಿರುಗಿ, ‘ಜಾಮ್ ಆಗಿದೆ ಕಣ್ರೀ. ಕೆಟ್ಟ ಮಾಲು. ಎಸೆದು ಬೇರೆ ತರ್ಸೋಣ’ ಎಂದೆ.

ಎಡಗೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಹಿಡಿದು ನೋಡಿ, ‘ನೀರು’ ಎಂದರು. ಒಲೆಯ ಕಡೆ ಕೈ ತೋರಿಸಿದರು. ಪರೀಕ್ಷೆ ಮಾಡದೆ ಸಾಮಾನು ಎಸೆಯುವುದು ಇವರ ಜಾತಕದಲ್ಲೇ ಇಲ್ಲ.

ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟೆ. ಇಬ್ಬರೂ ಅಡುಗೆಮನೆಯಲ್ಲಿ ಪಾತ್ರೆಯೊಳಗೆ ಇಣುಕಿಕೊಂಡು ನಿಂತೆವು. ಅದು ತೆರೆಯದೆ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನೀರು ಗುಳ್ಳೆ ಕಟ್ಟಿತು. ಬಾಗಿಲು ನಿಧಾನಕ್ಕೆ, ಮಗು ಕಣ್ಣು ಬಿಡುವ ಹಾಗೆ ತೆರೆಯಿತು.

‘ನೋಡು’ ಎಂದರು. ಆಮೇಲೆ ನನ್ನ ಮುಖ ನೋಡಿದರು. ಮಾಲು ಸರಿಯಿದೆ, ಹಾಗಿದ್ದರೆ ತಪ್ಪೆಲ್ಲಿ?

‘ಬೋಲ್ಟು’ ಎಂದೆ. ‘ಮೊನ್ನೆ ನೀರು ಬದಲಾಯಿಸ್ದಾಗ ಬಿಚ್ಚಿ ಉಲ್ಟಾ ಹಾಕಿದಾನೆ. ಸ್ಪ್ರಿಂಗ್ ಮೇಲಿತ್ತು. ನಿಮ್ ಶಿಷ್ಯ, ನಾನ್ಯಾಕೆ ಹೇಳ್ಲಿ ಅಂತ ಸುಮ್ನಿದ್ದೆ.’

ಅದಕ್ಕೂ ಹಿಂದಿನ ದಿನವೇ ಕಾರು ಕಾದಿತ್ತೆಂದು ಇವರಿಗೆ ಹೊಳೆಯಲಿಲ್ಲ. ನಾನು ಯಾರನ್ನೂ ಉಳಿಸಿ ಮಾತಾಡಿದವಳಲ್ಲ. ಸತ್ತ ಅತ್ತೆಯ ಮುಂದೆಯೂ ಇದ್ದದ್ದನ್ನೇ ಹೇಳಿದ್ದೇನೆ. ಇವತ್ತು ಯಾಕೋ ಹೀಗಾಯಿತು. ಬಿಸಿಲಿಗೆ ಇರಬೇಕು.

ಫೆಬ್ರವರಿ 20

ಮಾತು: ಉಲ್ಟಾ. ಕತ್ತೆ.

ಬೆಳಿಗ್ಗೆಯೇ ಬೋಲ್ಟುವಿಗೆ ಫೋನ್ ಮಾಡಿದೆ.

‘ಬಂದು ಬೈಸ್ಕೊಂಡು ಹೋಗು.’

‘ಯಾಕಕ್ಕಾ, ನಾನೇನ್ ಮಾಡ್ದೆ?’

‘ಥರ್ಮೋಸ್ಟಾಟ್ ಉಲ್ಟಾ ಹಾಕಿದೀಯ.’

‘ಅಕ್ಕಾ, ನಾನು ಅದನ್ನ ಮುಟ್ಟೇ ಇಲ್ಲ.’ ತಡೆದು, ‘ಗುರುಗಳಾ?’ ಎಂದ. ನಾನು ಹೂಂ ಎಂದೆ. ‘ಅವತ್ತು ಬೆಳಿಗ್ಗೆನಾ?’ ಹೂಂ ಎಂದೆ. ಶೆಡ್ಡಿನಲ್ಲಿ ಯಾರಿಗೋ ಸುತ್ತಿಗೆ ನಿಲ್ಲಿಸೋ ಎಂದು ಕೂಗಿದ.

‘ಬರ್ತೀನಿ’ ಎಂದ.

ಬಂದು ಇವರ ಕುರ್ಚಿಯ ಮುಂದೆ ಕೈ ಕಟ್ಟಿ ನಿಂತ. ಇವರು ಥರ್ಮೋಸ್ಟಾಟನ್ನು ಎತ್ತಿ ಹಿಡಿದು ‘ಉಲ್ಟಾ’ ಎಂದರು. ಇನ್ನೊಂದು ಮಾತಿಗೆ ಬಾಯಿ ಹುಡುಕಾಡಿತು. ಅದೇನೆಂದು ನನಗೂ ಗೊತ್ತು, ಅವನಿಗೂ ಗೊತ್ತು. ನಾನು ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದೆ. ಪೋಣಿಸಿದ್ದನ್ನೇ ತೆಗೆದು ಮತ್ತೆ ಪೋಣಿಸಿದೆ.

‘ಕ... ಕತ್ತೆ.’

‘ಹೌದು ಗುರುಗಳೇ. ನಂದೇ ತಪ್ಪು.’

ಗೇಟಿನ ಹತ್ತಿರ ಚಪ್ಪಲಿ ಮೆಟ್ಟುವಾಗ ಅಷ್ಟು ದೊಡ್ಡ ಗಂಡಸು ತೋಳಿನಿಂದ ಮೂಗು ಒರೆಸಿಕೊಂಡ. ‘ಎಷ್ಟು ವರ್ಷ ಆಗಿತ್ತು ಅಕ್ಕಾ, ಕತ್ತೆ ಅನ್ನಿಸ್ಕೊಂಡು’ ಎಂದ.

ಸಂಜೆಯೊಳಗೆ ನಾನೇ ಸ್ಪ್ರಿಂಗ್ ಒಳಗೆ ಮಾಡಿ ಕೂರಿಸಿದೆ. ಮುಚ್ಚಳದಡಿಗೆ ಹೊಸ ಪಟ್ಟಿ ಹಾಕಿ, ಎರಡು ಬೋಲ್ಟನ್ನೂ ಸಮಸಮ ಬಿಗಿದು, ನೀರು ತುಂಬಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುವವರೆಗೆ ಮುಚ್ಚಳ ತೆರೆದೇ ಎಂಜಿನ್ ಓಡಿಸಿದೆ. ಪೈಪು ಮುಟ್ಟಿದೆ. ಎಂಜಿನ್ನಿನಷ್ಟೇ ಬಿಸಿ. ಹತ್ತಿ ಬಟ್ಟೆಯಷ್ಟು. ಇಬ್ಬರ ಮುಖದಲ್ಲೂ ಗೆದ್ದವರ ಕಳೆ.

ಫೆಬ್ರವರಿ 21

ಮಾತು: ಇಲ್ಲ.

ಕಾರು ಒರೆಸುತ್ತೇನೆ ಎಂದು ಹೋಗಿ ಕುಳಿತವರು ಬಾಗಿಲಿನ ಜೇಬಿನಿಂದ ಒಂದು ಖಾಲಿ ರಟ್ಟಿನ ಡಬ್ಬಿ ತೆಗೆದರು. ಹೊಸ ಥರ್ಮೋಸ್ಟಾಟ್ ಬಂದ ಡಬ್ಬಿ. ನಾನು ಕಿಟಕಿಯಿಂದ ನೋಡಿದೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಆ ಡಬ್ಬಿಯ ಮೇಲೆ ಇಟ್ಟುಕೊಂಡರು.

ಊಟಕ್ಕೆ ಕರೆದರೆ ಬಂದರು. ‘ಎಷ್ಟು’ ಎಂದು ಕೂಡ ಕೇಳಲಿಲ್ಲ.

ಫೆಬ್ರವರಿ 22

ಇಲ್ಲ.

ಬಂದದ್ದೂ ಹೋಯಿತೇನೋ. ಆ ಡಬ್ಬಿಯನ್ನು ನಾನು ಮೊದಲೇ ಒಲೆಗೆ ಹಾಕಬೇಕಿತ್ತು. ಮಿಷನ್ ತುಳಿಯಲು ಹೋದರೆ ಕಾಲು ಓಡಲಿಲ್ಲ. ಇವರ ಪಕ್ಕ ಹೋಗಿ ಕುಳಿತೆ. ಬೊಬ್ಬೆ ಒಣಗಿದ ಅಂಗೈಗೆ ಎಣ್ಣೆ ಹಚ್ಚಿದೆ. ಹೊತ್ತು ಹೋಯಿತು.

ಫೆಬ್ರವರಿ 23

ಕಾರಿನಲ್ಲೇ ಕ್ಲಾಸಿಗೆ ಹೋದೆವು. ಮಾರುಕಟ್ಟೆ ದಾಟಿದರೂ ಮುಳ್ಳು ನಡುವೆಯೇ ಇತ್ತು. ಇವರು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದರು.

ಟೀಚರ್ ಇವತ್ತು ಚಿತ್ರ ತೆಗೆಯಲಿಲ್ಲ. ‘ಈ ವಾರ ಏನ್ ಮಾಡಿದ್ರಿ ಸರ್?’ ಎಂದು ಕೇಳಿ ಪೆನ್ನು ಕೆಳಗಿಟ್ಟಳು. ಕಿಟಕಿಯ ಪರದೆಯ ಅಂಚು ಬಿಚ್ಚಿಹೋಗಿತ್ತು. ಯಾರೋ ತೀರಾ ದೊಡ್ಡ ಹೊಲಿಗೆ ಹಾಕಿದ್ದಾರೆ. ಅದನ್ನೇ ನೋಡುತ್ತ ಕುಳಿತೆ.

‘ಕಾರು’ ಎಂದರು ಇವರು.

ಟೀಚರ್ ತಲೆಯಾಡಿಸಿದಳು.

‘ಬೋಲ್ಟು... ಬೈಸ್ಕೊಂಡ.’ ಬೆವರು ಒಡೆದಿತ್ತು ಹಣೆಯಲ್ಲಿ. ‘ಅವನು... ಅಲ್ಲ.’ ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡರು. ‘ನಾನು. ಉಲ್ಟಾ. ನಾನು.’

ಟೀಚರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು. ನಾನು ಪರದೆ ನೋಡುತ್ತಿದ್ದೆ. ‘ಚೆನ್ನಾಗಿ ಹೇಳಿದ್ರಿ ಸರ್’ ಎಂದಳು ಪಾಪ, ಅಷ್ಟಕ್ಕೇ ಅವಳ ಕಣ್ಣು ತುಂಬಿತ್ತು. ಒಳ್ಳೆಯ ಹುಡುಗಿ. ಪರದೆಯನ್ನು ಬಿಚ್ಚಿಸಿಕೊಂಡು ಬಂದಿದ್ದೇನೆ, ಹೊಲಿದು ಕೊಡಬೇಕು.

ಹಿಂದಿರುಗುವಾಗ ವೃತ್ತದಲ್ಲಿ ಮನೆಯ ಕಡೆ ತಿರುಗಿಸಲು ಹೋದೆ. ಇವರು ಎಡಗೈ ಎತ್ತಿ ಶೆಡ್ಡಿನ ದಾರಿ ತೋರಿಸಿದರು. ತಿರುಗಿಸಿದೆ.

ಶೆಡ್ಡಿನ ಮುಂದೆ ನಿಲ್ಲಿಸಿದೆ. ಇಳಿಯಲು ಹೊತ್ತು ಹಿಡಿಯಿತು. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಎಳೆದುಕೊಂಡು ಬಲಗಾಲು. ನಾನು ಇಳಿಯಲಿಲ್ಲ. ನಿಂತಲ್ಲೇ ಎಂಜಿನ್ ಓಡುವಾಗ ಬಿಸಿ ಏರುತ್ತದೋ ಎಂದು ನೋಡುವುದು ಬಾಕಿಯಿತ್ತು. ಯಾರಾದರೂ ಕಾರಿನಲ್ಲಿ ಕೂರಲೇಬೇಕು.

ಬೋಲ್ಟು ಯಾವುದೋ ಗಾಡಿಯ ಅಡಿಯಿಂದ ತೆವಳಿಕೊಂಡು ಬಂದು ಎದ್ದುನಿಂತ. ಸ್ಟೂಲು ಎಳೆದ, ಇವರು ಕೂರಲಿಲ್ಲ. ನಿಂತೇ ಮಾತಾಡಿದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಹಳ ಅಂತರವಿತ್ತು, ಬೋಲ್ಟು ಕೈ ಒರೆಸಿದ್ದನ್ನೇ ಒರೆಸಿಕೊಳ್ಳುತ್ತ ಕಾಯುತ್ತಿದ್ದ. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನಡುವೆ ಫ್ಯಾನು ತಾನಾಗಿ ತಿರುಗಿತು, ತಾನಾಗಿ ನಿಂತಿತು. ಮುಳ್ಳು ಕದಲಲಿಲ್ಲ.

ಒಳಗೆ ಇವರು ಇನ್ನೂ ಹೇಳುತ್ತಲೇ ಇದ್ದರು.